ಆರ್ಗನ್ ವಾದ್ಯದ ನಾದರಕ್ಷಣೆ

ಪಾಶ್ಚಾತ್ಯ ವಾದ್ಯಗಳಲ್ಲೆಲ್ಲ ಆರ್ಗನ್ ಎಂಬುದು ಅತ್ಯಂತ ಸ್ಥಾವರವಾದುದು. ವೈಣಿಕನು ತನ್ನ ವೀಣೆಯನ್ನು ಊರೂರಿಗೆ ಕೊಂಡೊಯ್ಯಬಲ್ಲನು. ಆರ್ಗನ್ ವಾದಕನಾದರೋ ವಾದ್ಯವಿದ್ದೆಡೆಗೆ ತಾನೇ ಹೋಗಬೇಕು. ಕ್ರಿ. ಪೂ. 3ನೆಯ ಶತಮಾನದಲ್ಲಿ ಅಲೆಗ್ಸಾಂಡ್ರಿಯದ ಕ್ಟೆಸಿಬಿಯಸ್ ಎಂಬ ಯಂತ್ರಶಿಲ್ಪಿಯು ನೀರಿನ ಭಾರದಿಂದ ಗಾಳಿಯನ್ನು ಹದಗೊಳಿಸಿ ಕೊಳವಿಗಳನ್ನು ನುಡಿಸಿದಂದಿನಿಂದ ಬೆಳೆಯುತ್ತ ಬಂದ ಈ ವಾದ್ಯವು, ಯೂರೋಪಿನ ಚರ್ಚುಗಳಲ್ಲಿ ಸಾವಿರಾರು ಕೊಳವಿಗಳ ಮಹಾಯಂತ್ರವಾಯಿತು. ಕನ್ನಡ ನಾಟಕಮಂಡಲಿಗಳ ಹಾರ್ಮೋನಿಯಮ್ಮು ಇದರ ದೂರದ ಬಂಧು. ಅದರಲ್ಲಿ ಗಾಳಿಯು ಹಿತ್ತಾಳೆಯ ನಾಲಗೆಗಳನ್ನು ನುಡಿಸಿದರೆ, ಆರ್ಗನ್ನಿನಲ್ಲಿ ಕೊಳವಿಯೊಡನೆ ಕಟ್ಟಡವೂ ನುಡಿಯುತ್ತದೆ.

ಇಂತಹ ನಾದವನ್ನು ಸೆರೆಹಿಡಿಯುವ ಯತ್ನವು ಮೊದಲು ಕಾಗದದ ಮೇಲೆ ನಡೆಯಿತು. ಜರ್ಮನಿಯ ಫ್ರೈಬುರ್ಗಿನ ವೆಲ್ಟೆ ಸಂಸ್ಥೆಯವರು, ವಾದಕನ ಬೆರಳಾಟವನ್ನು ರಂಧ್ರಗಳಾಗಿ ಕಾಗದದ ಸುರುಳಿಯಲ್ಲಿ ದಾಖಲಿಸಿ, ಅದರಿಂದ ತಾನಾಗಿಯೇ ನುಡಿಯುವ ಆರ್ಗನ್ನನ್ನು 1911ರಲ್ಲಿ ಟ್ಯೂರಿನ್ ಪ್ರದರ್ಶನದಲ್ಲಿ ತೋರಿಸಿದರು. 1913ರಲ್ಲಿ ಮಾಕ್ಸ್ ರೇಗರನು ತನ್ನ ಕೃತಿಗಳನ್ನು ಹೀಗೆ ನುಡಿಸಿಟ್ಟನು. ಸುರುಳಿಯಲ್ಲಿ ವಾದನವು ಉಳಿಯಿತು, ನಾದವು ಉಳಿಯಲಿಲ್ಲ.

ಗ್ರಾಮಫೋನಿನ ಕಹಳೆಗೆ ಆರ್ಗನ್ನಿನ ಮಂದ್ರಸ್ವರಗಳು ದಕ್ಕುತ್ತಿರಲಿಲ್ಲ. 1925ರಲ್ಲಿ ವಿದ್ಯುತ್ ಮುದ್ರಣವು ಬಂದ ಮೇಲೆ ಈ ಕೊರತೆಯು ಬಹಳಮಟ್ಟಿಗೆ ನೀಗಿತು. 1935ರಲ್ಲಿ ಆಲ್ಬರ್ಟ್ ಶ್ವೈಟ್ಜರನು ಲಂಡನ್ನಿನ ಆಲ್ ಹ್ಯಾಲೋಸ್ ಚರ್ಚಿನಲ್ಲಿ ಬಾಖನ ಕೃತಿಗಳನ್ನು ಕೊಲಂಬಿಯ ಸಂಸ್ಥೆಗಾಗಿ ನುಡಿಸಿದನು. 1940ರಲ್ಲಿ ಆ ಚರ್ಚು ಬಾಂಬಿಗೆ ತುತ್ತಾಯಿತು, ವಾದ್ಯವೂ ನಾಶವಾಯಿತು. ಶ್ವೈಟ್ಜರನ ತಟ್ಟೆಗಳು ಇಂದಿಗೂ ಇವೆ. ಆದರೆ ಅವನು ಆ ದಿನಗಳಲ್ಲಿ ನುಡಿಸಿದುದನ್ನಲ್ಲದೆ ಬೇರೊಂದು ಸ್ವರವನ್ನೂ ಆ ವಾದ್ಯದಿಂದ ಇನ್ನಾರೂ ಹೊರಡಿಸಲಾರರು. ವಾದನವನ್ನು ಉಳಿಸುವುದು ಬೇರೆ, ವಾದ್ಯವನ್ನು ಉಳಿಸುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಡ.

ಈ ಎರಡನೆಯ ಕಾರ್ಯವನ್ನು ಗಣಕಯಂತ್ರವು ಸಾಧಿಸಿತು. 1983ರಲ್ಲಿ ಪ್ರಚಾರಕ್ಕೆ ಬಂದ ಮಿಡಿ ಎಂಬ ಸಂಕೇತವು ಯಾವ ಮನೆಯನ್ನು ಯಾವಾಗ ಒತ್ತಲಾಯಿತೆಂಬುದನ್ನು ಅಂಕೆಗಳಲ್ಲಿ ತಿಳಿಸುತ್ತದೆ. ಇದು ವೆಲ್ಟೆಯ ಸುರುಳಿಯ ಹೊಸ ಅವತಾರವೇ ಸರಿ. 2002ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಡೈಡರ ಹಾಪ್ಟ್‌ವೆರ್ಕ್ ಎಂಬ ತಂತ್ರಾಂಶವು ಹೊರಬಂದಿತು. ಬಳಿಕ ಗ್ರ್ಯಾಂಡ್‌ಆರ್ಗ್ ಎಂಬ ಉಚಿತ ತಂತ್ರಾಂಶವೂ ಬಂದಿತು. ಇವುಗಳಿಗಾಗಿ ಚರ್ಚಿನಲ್ಲಿ ಒಂದೊಂದು ಕೊಳವಿಯನ್ನೂ ಪ್ರತ್ಯೇಕವಾಗಿ ನುಡಿಸಿ ಮುದ್ರಿಸಿಕೊಳ್ಳುತ್ತಾರೆ. ಗಾಳಿ ಹೊಕ್ಕ ಕ್ಷಣದ ಉಸಿರು, ನಿಂತ ನಾದ, ಮನೆಯನ್ನು ಬಿಟ್ಟ ಮೇಲೆ ಗೋಡೆಕಮಾನುಗಳಲ್ಲಿ ಕರಗುವ ಅನುರಣನ, ಈ ಮೂರೂ ಅದರಲ್ಲಿ ಸೇರಿರಬೇಕು. ಫ್ರಾನ್ಸಿನ ಕಾನ್ ನಗರದಲ್ಲಿ ಕವಾಯೆ-ಕೋಲನು 1885ರಲ್ಲಿ ಕಟ್ಟಿದ ಆರ್ಗನ್ನು ಹೀಗೆಯೇ ದೂರದ ಮನೆಗಳಲ್ಲಿ ನುಡಿಯುವಂತಾಗಿದೆ.

ಅದರಿಂದ ಚರ್ಚಿನ ಬೀಗದ ಕೈ ಇಲ್ಲದ ಅಭ್ಯಾಸಿಗೂ ಮಹಾವಾದ್ಯವು ದೊರೆಯಿತು. ಅವನು ನುಡಿಸಿದುದನ್ನು ಅಂತರಜಾಲದ ಮೂಲಕ ದೇಶಾಂತರದವರು ಕೇಳುವಂತಾಯಿತು. ಇದು ವಾದ್ಯವಲ್ಲ, ವಾದ್ಯದ ನೆರಳು ಎಂಬ ಆಕ್ಷೇಪವುಂಟು. ಎದೆಗೆ ತಾಕುವ ಗಾಳಿಯ ಕಂಪನವನ್ನು ಧ್ವನಿವರ್ಧಕವು ಪೂರ್ಣವಾಗಿ ಕೊಡಲಾರದು. ಕೊಳವಿಗಳು ಪರಸ್ಪರ ಗಾಳಿಯನ್ನು ಸೆಳೆದುಕೊಳ್ಳುವ ಸೂಕ್ಷ್ಮವನ್ನು ಯಂತ್ರವು ಲೆಕ್ಕದಿಂದ ಅನುಕರಿಸಬೇಕಾಗಿದೆ. ಆಕ್ಷೇಪವು ನ್ಯಾಯವಾದುದೇ. ಆದರೆ ಆಲ್ ಹ್ಯಾಲೋಸಿನ ವಾದ್ಯಕ್ಕೆ ಅಂತಹ ನೆರಳೂ ಉಳಿಯಲಿಲ್ಲ. ಮೂಲವಾದ್ಯಗಳನ್ನು ಕಾಪಾಡುವುದು ಮೊದಲ ಧರ್ಮ. ಅವು ಇರುವಾಗಲೇ ಅವುಗಳ ಒಂದೊಂದು ಸ್ವರವನ್ನೂ ಕೂಡಿಸಿಡುವುದು ಅದಕ್ಕೆ ಸಮೀಪದ ಧರ್ಮ.