ಮನೇಲಿರೋ ಬಂದೂಕಿಗೆ ಬೀಗ ಯಾವಾಗ ಬಂತು?

ಚುನಾವಣೆ ಘೋಷಣೆ ಆಯ್ತು ಅಂದ್ರೆ ನಮ್ಮ ಬೆಸಗರಹಳ್ಳಿ ಸೀಮೇಲಿ ಲೈಸೆನ್ಸ್ ಬಂದೂಕು ಇರೋ ರೈತರಿಗೆ ಠಾಣೆಯಿಂದ ಕರೆ ಬರುತ್ತೆ. ತಂದು ಒಪ್ಪಿಸಿ, ರಸೀದಿ ತಗೊಂಡು ಹೋಗಿ ಅಂತ. ಕಬ್ಬಿಗೆ ಹಂದಿ ಬೀಳೋ ಹೊತ್ತಲ್ಲೇ ಕೋವಿ ಠಾಣೆ ಸೇರುತ್ತೆ ಅನ್ನೋ ಸಿಟ್ಟು ಎಲ್ಲರಿಗೂ ಇದೆ. ಮಲೆನಾಡು, ಕರಾವಳಿ ಕಡೆ ರೈತರು ಇದನ್ನ ಹೈಕೋರ್ಟಿಗೂ ಒಯ್ದರು. ಆ ಜಗಳ ಇನ್ನೊಂದಿನ ಬರೀತೀನಿ. ಈಗ ನನ್ನ ಪ್ರಶ್ನೆ ಬೇರೆ. ಠಾಣೆಯಿಂದ ವಾಪಸ್ ಬಂದ ಬಂದೂಕು ಮನೇಲಿ ಎಲ್ಲಿರುತ್ತೆ? ಬಾಗಿಲ ಸಂದಿ, ಅಟ್ಟ, ಗೋಡೆ ಮೊಳೆ, ಜಾಸ್ತಿ ಅಂದ್ರೆ ಬೀರುವಿನ ಹಿಂದೆ. ಕಳ್ಳ ಮೊದಲು ಕೈ ಹಾಕೋ ಜಾಗಗಳೂ ಇವೇ.

ಮದ್ದುಗುಂಡು ಎಲ್ಲಿಡಬೇಕು ಅನ್ನೋ ಯೋಚನೆ ನಮ್ಮ ಜಿಲ್ಲೆಗೆ ಹೊಸದಲ್ಲ. ಟಿಪ್ಪು ಕಾಲದಲ್ಲಿ ಮದ್ದು ತಯಾರಾಗ್ತಿದ್ದ ಊರು, ಅದಕ್ಕೇ ಮದ್ದೂರು ಅಂತಾರೆ. ಹೆಸರು ಹೋಲುತ್ತೆ ಅಂತ ಆಮೇಲೆ ಕಟ್ಟಿದ ಕಥೆ ಅದು ಅಂತ ನನ್ನ ಅನಿಸಿಕೆ. ಆದ್ರೆ ಶ್ರೀರಂಗಪಟ್ಟಣದ ಮದ್ದಿನಮನೆಗಳು ಕಥೆಯಲ್ಲ, ಹೋಗಿ ನೋಡಬಹುದು. ದಪ್ಪ ಇಟ್ಟಿಗೆ, ಗಾರೆ, ಅರ್ಧ ನೆಲದೊಳಗೆ. ಜೋಡಿ ರೈಲು ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಒಂದು ಮದ್ದಿನಮನೆಯನ್ನ ಒಡೀದೆ, ಇಡಿಯಾಗಿ ಎತ್ತಿ ಸುಮಾರು 100 ಮೀಟರ್ ಆಚೆ ಕೂರಿಸಿದ್ರು. ಎತ್ತಿದ್ರೂ ಬಿರುಕು ಬಿಡದ ಹಂಗೆ ಕಟ್ಟಿದ್ರು ನೋಡಿ. ಮದ್ದು ಜನ ಮಲಗೋ ಜಾಗದಲ್ಲಿ ಇರಬಾರದು, ಬೆಂಕಿಗೂ ಶತ್ರುವಿಗೂ ಸುಲಭಕ್ಕೆ ಸಿಗಬಾರದು, ಇಷ್ಟೇ ಅದರ ಲೆಕ್ಕ.

ಆಮೇಲೆ ಬಂದ ಕಾನೂನುಗಳ ತಲೆನೋವು ಬೇರೆ ಇತ್ತು. 1857ರ ದಂಗೆಯಿಂದ ಬೆದರಿದ ಬ್ರಿಟಿಷರಿಗೆ ಕೋವಿ ಯಾರ ಕೈಲಿದೆ ಅನ್ನೋದೇ ಮುಖ್ಯ. ನಂಬಿಕೆ ಇದ್ದವರಿಗೆ ವಿನಾಯಿತಿ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಕೊಟ್ಟ ವಿನಾಯಿತಿ ಇವತ್ತಿಗೂ ನಡೀತಿದೆ, ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿದೆ. ಉಳಿದವರಿಗೆ 1878ರ ಶಸ್ತ್ರಾಸ್ತ್ರ ಕಾಯ್ದೆ, ಲೈಸೆನ್ಸ್. ಸ್ವಾತಂತ್ರ್ಯ ಬಂದ್ಮೇಲೆ 1959ರ ಕಾಯ್ದೆ ಆಯ್ತು, 1962ರ ಅಕ್ಟೋಬರ್‌ನಿಂದ ಜಾರಿ. ಅದರಲ್ಲಿ ರೈತನಿಗೆ ಒಂದು ಜಾಗ ಇತ್ತು. ಬೆಳೆ ಕಾಯೋಕೆ ನಳಿಗೆ ಬಾಯಿಂದ ಮದ್ದು ತುಂಬೋ ಕೋವಿ, ಅಂದ್ರೆ ನಮ್ಮ ಕೇಪಿನ ಕೋವಿಯಂಥದ್ದು, ಇಟ್ಕೋಬಹುದು ಅಂತ. ಈ ಲೈಸೆನ್ಸ್ ಹಂದಿ, ಚಿರತೆ ಹೊಡೆಯೋಕೆ ಅನುಮತಿ ಅಲ್ಲ, 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ. ಸದ್ದು ಮಾಡಿ ಓಡಿಸೋಕೆ ಅಷ್ಟೇ.

ಇಷ್ಟೆಲ್ಲ ಬರೆದ ಕಾನೂನು ಮನೆ ಒಳಗೆ ಇಣುಕಿದ್ದು ಕಡಿಮೆ. ಕಳೆದುಹೋದ್ರೆ, ಕಳವಾದ್ರೆ ತಕ್ಷಣ ಠಾಣೆಗೆ ತಿಳಿಸು ಅನ್ನೋ ಷರತ್ತು ಲೈಸೆನ್ಸಿನಲ್ಲಿತ್ತು. ಅಂದ್ರೆ ಕಳ್ಳ ಹೋದ ಮೇಲಿನ ಮಾತು. ಭದ್ರವಾಗಿ ಇಡ್ತೀನಿ ಅಂತ ಅರ್ಜಿ ಹಾಕುವಾಗಲೇ ಬರೆದುಕೊಡಬೇಕು ಅನ್ನೋದು 2016ರ ನಿಯಮಗಳಲ್ಲಿ ಬಂತು. 1878ರಿಂದ ಎಣಿಸಿದ್ರೆ 138 ವರ್ಷ! ಆ ಕಾಗದಕ್ಕೆ ಸಹಿ ಹಾಕಿದವರಲ್ಲಿ ಓದಿ ಹಾಕಿದವರು ಎಷ್ಟು ಜನ ಅಂತ ನಾನು ಕೇಳಲ್ಲ. ಲೈಸೆನ್ಸಿನ ಷರತ್ತು ಮುರಿದ್ರೆ 30ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲಾ 2000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಅದಕ್ಕಿಂತ ದೊಡ್ಡ ಭಯ, ಕದ್ದ ಕೋವಿ ನಾಳೆ ಯಾರ ಎದೆಗೆ ಗುರಿ ಇಡುತ್ತೋ ಅನ್ನೋದು.

ಇನ್ನು ಕೆಲಸದ ಮಾತು. ತೋಟಾ ಹಾಕೋ ಕೋವಿ ಆದ್ರೆ ಖಾಲಿ ಮಾಡಿ, ನಳಿಗೆ ಬೇರೆ ಹಿಡಿ ಬೇರೆ ಬಿಚ್ಚಿ ಕಬ್ಬಿಣದ ಪೆಟ್ಟಿಗೇಲಿ ಇಡಿ. ಪೆಟ್ಟಿಗೆಯನ್ನ ಗೋಡೆಗೆ ಇಲ್ಲಾ ನೆಲಕ್ಕೆ ಬೋಲ್ಟ್ ಹಾಕಿ ಬಿಗಿಸಿ, ಬರೀ ಬೀಗ ಹಾಕಿದ ಪೆಟ್ಟಿಗೆಯನ್ನ ಕಳ್ಳ ಪೆಟ್ಟಿಗೆ ಸಮೇತ ಹೊತ್ಕೊಂಡು ಹೋಗ್ತಾನೆ. ತೋಟಾಕ್ಕೆ ಬೇರೆ ಜಾಗ, ಬೇರೆ ಬೀಗ. ಕೀಲಿಯನ್ನ ದೇವರ ಪಟದ ಹಿಂದೆ ಇಡಬೇಡಿ, ಅದು ಊರಿಗೇ ಗೊತ್ತಿರೋ ಜಾಗ. ಕೇಪಿನ ಕೋವಿಗೆ ಮದ್ದು ತುಂಬಿ ರಾತ್ರಿಯೆಲ್ಲ ಹಂಗೇ ಒರಗಿಸಿ ಇಡೋ ಅಭ್ಯಾಸ ಇದೆಯಲ್ಲ, ಕಳ್ಳನಿಗಿಂತ ಮೊದಲು ಮನೆ ಮಗು ಅದನ್ನ ಮುಟ್ಟುತ್ತೆ. ಬಂದೂಕಿನ ನಂಬರು, ಲೈಸೆನ್ಸ್ ಜೆರಾಕ್ಸ್ ಬೇರೆ ಕಡೆ ಇರಲಿ, ದೂರು ಕೊಡುವಾಗ ಬೇಕು. ಮದುವೆ, ಯಾತ್ರೆ ಅಂತ ನಾಲ್ಕಾರು ದಿನ ಮನೆಗೆ ಬೀಗ ಹಾಕಿ ಹೋಗೋದಾದ್ರೆ, ಲೈಸೆನ್ಸ್ ಇರೋ ಕೋವಿ ಅಂಗಡಿಯಲ್ಲೋ ಠಾಣೆಯಲ್ಲೋ ಇಡೋಕಾಗುತ್ತಾ ಅಂತ ಮೊದಲೇ ವಿಚಾರಿಸಿ.

ಇನ್ನೊಂದು ಮರೆತಿದ್ದೆ. ತಾತ ಹೋದ್ಮೇಲೆ ತಾತನ ಕೋವಿ ತಾನಾಗೇ ಮೊಮ್ಮಗಂದಾಗಲ್ಲ. 21ನೇ ಕಲಂ ಪ್ರಕಾರ ಅದನ್ನ ಠಾಣೆಗೋ ಅಧಿಕೃತ ಮಾರಾಟಗಾರರಿಗೋ ಒಪ್ಪಿಸಿ, ಲೈಸೆನ್ಸ್ ಮಾಡಿಸ್ಕೊಂಡ ಮೇಲೆ ಬಿಡಿಸ್ಕೋಬೇಕು. 2019ರ ತಿದ್ದುಪಡಿ ಆದ್ಮೇಲೆ ಒಬ್ಬರಿಗೆ ಎರಡೇ ಬಂದೂಕು, ಮೊದಲು ಮೂರಿತ್ತು. ಲೈಸೆನ್ಸ್ ಅವಧಿ 3 ವರ್ಷ ಇದ್ದಿದ್ದು 5 ಆಗಿದೆ. ಅಟ್ಟದ ಮೇಲೆ ಹಳೇದು ಏನಾದ್ರೂ ತುಕ್ಕು ಹಿಡೀತಾ ಬಿದ್ದಿದ್ರೆ ಈ ವಾರ ಇಳಿಸಿ, ಕಾಗದದಲ್ಲಿರೋ ತಾರೀಕು ನೋಡಿ.