ಬೆಂಗಳೂರು ಹಳೆಯ ಕೇಂದ್ರ ಕಾರಾಗೃಹ
ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿದ್ದ ಸೆರೆಮನೆ. ಇಂದಿನ ಫ್ರೀಡಂ ಪಾರ್ಕ್. ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ, 1860ರ ದಶಕದಲ್ಲಿ ಕಟ್ಟಲಾಯಿತು. ನಡುವಿನ ಕಾವಲು ಗೋಪುರದ ಸುತ್ತ ಬ್ಯಾರಕ್‌ಗಳು ಹರಡಿಕೊಂಡಿದ್ದು, ಕೈದಿಗಳ ಮೇಲೆ ಅಲ್ಲಿಂದಲೇ ಕಣ್ಣಿಡಬಹುದಿತ್ತು. ಸಾಲು ಬ್ಯಾರಕ್‌ಗಳಲ್ಲದೆ ಒಬ್ಬೊಬ್ಬರನ್ನೇ ಕೂಡಿಹಾಕುವ ಕಿರುಕೋಣೆಗಳೂ ಇದ್ದವು.

ತುರ್ತುಪರಿಸ್ಥಿತಿಯ ಕಾಲ (1975–77) ಈ ಸೆರೆಮನೆಯ ಚರಿತ್ರೆಯಲ್ಲಿ ಅತ್ಯಂತ ನೋವಿನದು. ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಮಧು ದಂಡವತೆ ಇಲ್ಲಿ ಬಂಧಿತರಾಗಿದ್ದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ತೀವ್ರ ಆಸ್ತಮಾದಿಂದ ನರಳುತ್ತ ಎಂಟು ತಿಂಗಳು ಇಲ್ಲಿದ್ದರು. ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಸಾವಿನ ಹೊಣೆಯಿಂದ ಅಂದಿನ ವ್ಯವಸ್ಥೆ ನುಣುಚಿಕೊಳ್ಳಲಾರದು.

ಇಂಥ ಸೆರೆಮನೆಗಳಲ್ಲಿ ಎಳೆಯ ಅಪರಾಧಿಗಳನ್ನು ಹಿರಿಯ ಕೈದಿಗಳಿಂದ ಬೇರೆಯಾಗಿಡುವ ನಿಯಮ 1894ರ ಕಾರಾಗೃಹ ಕಾಯ್ದೆಯಲ್ಲೇ ಇತ್ತು. ಆದರೆ ಗೋಡೆಯೊಂದನ್ನು ಅಡ್ಡವಿಟ್ಟರೆ ಸುಧಾರಣೆ ಆಗದು. ಓದು, ಕಸುಬು ಕಲಿಸುವ ಬೋರ್ಸ್ಟಲ್ ಶಾಲೆಯ ಕಲ್ಪನೆ ಬೆಳೆದದ್ದು ಅದಕ್ಕಾಗಿಯೇ. ಅಂಥದೊಂದು ಶಾಲೆ ಧಾರವಾಡದಲ್ಲಿ ನಡೆಯಿತು. ರಾಜ್ಯದ ಬೋರ್ಸ್ಟಲ್ ಶಾಲೆಗಳ ಕಾಯ್ದೆ 1963ರದು. ಈಗ 18 ತುಂಬದವರನ್ನು ಜೈಲಿಗೆ ಹಾಕುವಂತಿಲ್ಲ. ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು.

2000ದ ಸುಮಾರಿಗೆ ಇಲ್ಲಿನ ಕೈದಿಗಳನ್ನು ಪರಪ್ಪನ ಅಗ್ರಹಾರದ ಕಾರಾಗೃಹಕ್ಕೆ ಸ್ಥಳಾಂತರಿಸಲಾಯಿತು. 2008ರಲ್ಲಿ ಉದ್ಯಾನವಾಗಿ ತೆರೆದ ಹಳೆಯ ಆವರಣದಲ್ಲಿ ಕಾವಲು ಗೋಪುರ, ಕೆಲವು ಬ್ಯಾರಕ್‌ಗಳು ಉಳಿದಿವೆ. ನಗರದ ಧರಣಿ, ಪ್ರತಿಭಟನೆಗಳಿಗೆ ಗೊತ್ತುಪಡಿಸಿದ ಜಾಗವೂ ಇದೇ.