ಏಳು ಭಾಷೆಯ ನಾಡು, ಹದಿನೇಳು ಭಾಷೆಯ ನೋಟು

ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ಕರೆಯುವುದು ವಾಡಿಕೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂದು ಬೆರಳು ಮಡಚಿ ಎಣಿಸುತ್ತಾರೆ. ಇವುಗಳಲ್ಲಿ ಐದು ನಮ್ಮ ಕಿಸೆಯ ನೋಟಿನ ಹಿಂಬದಿಯಲ್ಲಿವೆ. ತುಳು ಇಲ್ಲ, ಬ್ಯಾರಿ ಇಲ್ಲ. ನೋಟಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮುಂಬದಿಯ ಮುಖಗಳಿಂದ ಶುರು ಮಾಡುತ್ತಾರೆ. ಗಡಿಯ ಈಚೆ ಕುಳಿತವನ ಕಣ್ಣು ಮೊದಲು ಹೋಗುವುದು ಹಿಂಬದಿಯ ಆ ಸಣ್ಣಕ್ಷರದ ಪಟ್ಟಿಗೆ.

ಪಟ್ಟಿ ಹುಟ್ಟಿದ್ದು ಯಾರನ್ನೋ ಗೌರವಿಸಲೆಂದಲ್ಲ, ಓದಿ ತಿಳಿಯಲಿ ಎಂದು. 1861ರ ಕಾಯಿದೆಯಿಂದ ನೋಟು ಹೊರಡಿಸುವ ಅಧಿಕಾರ ಸರ್ಕಾರದ ಕೈಗೆ ಬಂತು. ಮೊದಲ ಸರಣಿಯಲ್ಲಿ ವಿಕ್ಟೋರಿಯಾ ರಾಣಿಯ ಚಿತ್ರ, ಎರಡು ಭಾಷೆಯ ಬರಹ, ಒಂದೇ ಬದಿಯ ಅಚ್ಚು. ಖೋಟಾ ನೋಟಿನವರು ಅದನ್ನು ಬೇಗ ನಕಲು ಮಾಡಿದ್ದರಿಂದ 1867ರಲ್ಲಿ ಹೊಸ ಸರಣಿ ಬಂದು ರಾಣಿ ಮರೆಯಾದಳು. ಆಗಿನ ನೋಟಿಗೆ ಸರಹದ್ದೂ ಇತ್ತು. ಹೊರಡಿಸಿದ ವಲಯದಲ್ಲಷ್ಟೇ ಅದನ್ನು ಕಾಯಿದೆಬದ್ಧವಾಗಿ ನಗದು ಮಾಡಿಸಬಹುದಿತ್ತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ಕಾಸರಗೋಡನ್ನು ಒಳಗೊಂಡ ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಒಂದೇ ಕರಾವಳಿ ನೋಟಿನ ಮಟ್ಟಿಗೂ ಎರಡಾಯಿತು. 1903ರಿಂದ 1911ರ ನಡುವೆ ಸಣ್ಣ ಮೊತ್ತದ ನೋಟುಗಳಿಗೆ ಈ ಕಟ್ಟುಪಾಡು ಸಡಿಲವಾಯಿತು.

1917ರಲ್ಲಿ, ಮಹಾಯುದ್ಧದ ಬೆಳ್ಳಿ ಅಭಾವದಲ್ಲಿ, ಒಂದು ರೂಪಾಯಿಯ ನೋಟು ಬಂತು. ಕಾಗದವನ್ನು ನಂಬದ ಜನರಿಗಾಗಿ ಅದರ ಮೇಲೆ ಐದನೇ ಜಾರ್ಜನ ನಾಣ್ಯದ ಚಿತ್ರವನ್ನೇ ಅಚ್ಚು ಹಾಕಿದ್ದರು. ಜೊತೆಗೆ ಎಂಟು ಭಾಷೆಗಳ ಬರಹ. ಬರ್ಮೀ ಇತ್ತು, ಕನ್ನಡವೂ ಇತ್ತು. ಮರುವರ್ಷ ಹೈದರಾಬಾದ್ ನಿಜಾಮರ ಸರ್ಕಾರ ತನ್ನದೇ ನೋಟು ತಂದಾಗ ಉರ್ದು, ಇಂಗ್ಲಿಷ್, ತೆಲುಗು, ಮರಾಠಿಗಳ ಜೊತೆ ಕನ್ನಡಕ್ಕೂ ಜಾಗ ಕೊಟ್ಟಿತು. ಬೀದರ, ಕಲಬುರಗಿ, ರಾಯಚೂರುಗಳ ಸಂತೆಯಲ್ಲಿ ಅದು ಓಡಾಡಿತು.

ರಿಸರ್ವ್ ಬ್ಯಾಂಕ್ 1935ರಲ್ಲಿ ಹುಟ್ಟಿದರೂ ಅದರ ಮೊದಲ ನೋಟು ಬಂದದ್ದು 1938ರ ಜನವರಿಯಲ್ಲಿ, ಆರನೇ ಜಾರ್ಜನ ಮುಖವಿದ್ದ ಐದು ರೂಪಾಯಿ. ಸ್ವಾತಂತ್ರ್ಯದ ನಂತರ ರಾಜನ ಜಾಗಕ್ಕೆ ಗಾಂಧೀಜಿಯ ಚಿತ್ರ ಎಂದು ಮಾದರಿಗಳೂ ಸಿದ್ಧವಾಗಿದ್ದವು. ಕೊನೆಗೆ ಗೆದ್ದದ್ದು ಸಾರನಾಥದ ಸಿಂಹಸ್ತಂಭ. 1949ರ ಒಂದು ರೂಪಾಯಿ ನೋಟಿಗೆ ಹಣಕಾಸು ಕಾರ್ಯದರ್ಶಿ ಕೆ.ಆರ್.ಕೆ. ಮೆನನ್ ಅವರ ಸಹಿ; ಅದೇ ವರ್ಷ ರಿಸರ್ವ್ ಬ್ಯಾಂಕಿನ ಗವರ್ನರ್ ಆದವರು ದಕ್ಷಿಣ ಕನ್ನಡ ಮೂಲದ ಬೆನಗಲ್ ಮನೆತನದ ರಾಮರಾವ್, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಅವರ ತಮ್ಮ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗಲೂ ಗವರ್ನರ್ ಅವರೇ. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ಅವರೊಂದಿಗೆ ವಿರಸ ಬೆಳೆದು ಎರಡೂವರೆ ತಿಂಗಳಲ್ಲಿ ಅವರು ರಾಜೀನಾಮೆ ಕೊಟ್ಟರು. ಜಿಲ್ಲೆಯ ತುಂಡು ಆಚೆ ಹೋದರೂ ಜನರ ಕೈಯಲ್ಲಿದ್ದ ಎಷ್ಟೋ ನೋಟುಗಳ ಮೇಲೆ ಹಳೆಯ ಜಿಲ್ಲೆಯವರದೇ ಸಹಿ ಉಳಿದಿತ್ತು. ನೋಟಿನಲ್ಲಾದರೋ ಕನ್ನಡಕ್ಕೂ ಮಲಯಾಳಕ್ಕೂ ಗಡಿ ತಕರಾರಿಲ್ಲ. ಇಂಗ್ಲಿಷ್ ವರ್ಣಮಾಲೆಯ ಕ್ರಮ ಹಿಡಿದಿರುವುದರಿಂದ ಇಂದು ಇಬ್ಬರ ನಡುವೆ ಕಾಶ್ಮೀರಿ ಮತ್ತು ಕೊಂಕಣಿ ಕುಳಿತಿವೆ.

ಆ ಕೊಂಕಣಿಯದೂ ಒಂದು ಕತೆ. 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ ಮೇಲೆ ಅದು ನೋಟನ್ನೂ ಹತ್ತಿತು, ಆದರೆ ದೇವನಾಗರಿಯಲ್ಲಿ. ಕನ್ನಡ ಲಿಪಿಯಲ್ಲಿ ಕೊಂಕಣಿ ಓದಿ ಬೆಳೆದ ಮಂಜೇಶ್ವರದವರಿಗೆ ಅದು ತಮ್ಮದು ಹೌದು, ಕೊಂಚ ದೂರದ್ದೂ ಹೌದು. ಪರಿಚ್ಛೇದಕ್ಕೆ ಸೇರಿದ್ದೇ ಸಾಕು ಎಂಬ ಭರವಸೆ ಬೇಡ. ಸಿಂಧಿ, ಮಣಿಪುರಿ ಅದರಲ್ಲಿದ್ದೂ ನೋಟಿನಲ್ಲಿಲ್ಲ. ತುಳುವಿಗಾಗಿ ಹೋರಾಡುವವರು ಇದನ್ನು ಗಮನಿಸಬೇಕು.

ಕಾಸರಗೋಡಿಗೆ ಹತ್ತಿರದ ಇನ್ನೊಂದು ಅಧ್ಯಾಯ ಗಲ್ಫಿನದು. ಕುವೈತ್, ಬಹರೈನ್, ಕತಾರ್, ದುಬೈ, ಒಮಾನ್‌ಗಳಲ್ಲಿ ಒಂದು ಕಾಲಕ್ಕೆ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. ಅಲ್ಲಿಂದ ಚಿನ್ನ ಕಳ್ಳಸಾಗಣೆಯಾಗಿ ಬರುವುದು, ಇಲ್ಲಿಂದ ನೋಟು ಹೋಗಿ ವಿದೇಶಿ ವಿನಿಮಯವಾಗಿ ನಮ್ಮ ಬೊಕ್ಕಸವನ್ನೇ ಕೊರೆಯುವುದು ನಡೆದಿತ್ತು. ಅದನ್ನು ತಡೆಯಲು 1959ರಲ್ಲಿ ಗಲ್ಫಿಗೆಂದೇ ಬೇರೆ ನೋಟು ಅಚ್ಚಾಯಿತು. ವಿನ್ಯಾಸ ಅದೇ, ಬಣ್ಣ ಬೇರೆ: ಹತ್ತು ಕೆಂಪು, ನೂರು ಹಸಿರು, ಕ್ರಮಸಂಖ್ಯೆಯ ಮುಂದೆ ಝಡ್ ಅಕ್ಷರ. ಅದು ಭಾರತದಲ್ಲಿ ಚಲಾವಣೆಯಾಗುತ್ತಿರಲಿಲ್ಲ. ಹಜ್ ಯಾತ್ರಿಕರಿಗೂ ಅಂಥದೇ ಪ್ರತ್ಯೇಕ ನೋಟುಗಳಿದ್ದವು. 1961ರಲ್ಲಿ ಕುವೈತ್, 1965ರಲ್ಲಿ ಬಹರೈನ್ ತಮ್ಮ ದಿನಾರ್ ತಂದವು. 1966ರ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯವಾದದ್ದೇ ಉಳಿದವರೂ ಕೈಬಿಟ್ಟರು. ಒಮಾನ್ ಮಾತ್ರ 1970ರವರೆಗೆ ಎಳೆಯಿತು. ಎಪ್ಪತ್ತರ ದಶಕದ ತೈಲದ ಭರಾಟೆಯಲ್ಲಿ ನಮ್ಮ ಜಿಲ್ಲೆಯವರು ಹಿಂಡುಹಿಂಡಾಗಿ ಹೋದಾಗ ಸಿಕ್ಕಿದ್ದು ದಿರ್ಹಂ, ರಿಯಾಲ್. ಹತ್ತು ವರ್ಷ ಮುಂಚೆ ಹೋಗಿದ್ದರೆ ಸಂಬಳದ ನೋಟಿನಲ್ಲಿ ಕನ್ನಡ ಓದಬಹುದಿತ್ತು!

ಮುಂದೆ ಚಿತ್ರಗಳೇ ಮೇಲುಗೈ ಪಡೆದವು. ನೂರರಲ್ಲಿ ಹಿರಾಕುಡ್ ಅಣೆಕಟ್ಟು, ಐದರಲ್ಲಿ ಟ್ರ್ಯಾಕ್ಟರ್, ಎರಡರಲ್ಲಿ ಆರ್ಯಭಟ ಉಪಗ್ರಹ. ಆರ್ಯಭಟ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದಲ್ಲಿ, ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ. ಇತ್ತೀಚಿನ ಸರಣಿಯಲ್ಲಿ ಐವತ್ತಕ್ಕೆ ಹಂಪಿಯ ಕಲ್ಲಿನ ರಥ, ಹತ್ತಕ್ಕೆ ಕೋನಾರ್ಕದ ಚಕ್ರ. ಅಣೆಕಟ್ಟಿನಿಂದ ಪರಂಪರೆಗೆ ಆದ ಈ ಪಲ್ಲಟ ನನಗೇನೂ ಹಿಡಿಸಿಲ್ಲ. ಟ್ರ್ಯಾಕ್ಟರಿನ ನೋಟು ಮುಂದೆ ನೋಡುತ್ತಿತ್ತು.

ಯೂರೋ ನೋಟಿನವರು ಈ ಗೋಜಿಗೇ ಹೋಗಲಿಲ್ಲ. ಯಾವ ದೇಶಕ್ಕೂ ಬೇಸರವಾಗದಂತೆ ಆಸ್ಟ್ರಿಯಾದ ರಾಬರ್ಟ್ ಕಲಿನಾ ಎಲ್ಲೂ ಇಲ್ಲದ ಸೇತುವೆಗಳನ್ನು ಬರೆದರು. ನೆದರ್‌ಲ್ಯಾಂಡ್ಸಿನ ಸ್ಪೈಕೆನಿಸ್ಸೆ ಎಂಬ ಊರು ಆಮೇಲೆ ಅವನ್ನು ನಿಜವಾಗಿಯೇ ಕಟ್ಟಿತು.

ನಮ್ಮಲ್ಲಿ ಅಚ್ಚಿನ ಕೆಲಸವೇ ಕನ್ನಡನಾಡಿಗೆ ಬಂದಿದೆ. ತೊಂಬತ್ತರ ದಶಕದಿಂದ ಮೈಸೂರಿನಲ್ಲಿ ನೋಟು ಮುದ್ರಣಾಲಯವಿದೆ, ಈಗ ಕಾಗದದ ಗಿರಣಿಯೂ ಇದೆ. ಹೊಸ ನೋಟುಗಳ ಅಂಚಿನಲ್ಲಿ ದೃಷ್ಟಿಹೀನರಿಗಾಗಿ ಉಬ್ಬುಗೆರೆಗಳಿವೆ: ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಮೀನು ಮಾರುಕಟ್ಟೆಯ ಒದ್ದೆ ಕೈಗಳಲ್ಲಿ ನಾಲ್ಕಾರು ತಿಂಗಳು ಓಡಾಡಿದ ನೋಟಿನಲ್ಲಿ ಆ ಗೆರೆ ಬೆರಳಿಗೆ ಹತ್ತುವುದು ಕಷ್ಟ. ಮೊತ್ತವನ್ನು ಕೂಗಿ ಹೇಳುವ ಮೊಬೈಲ್ ಆ್ಯಪನ್ನು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಬಿಟ್ಟಿತು. ಬಂದ ಹೊಸದರಲ್ಲಿ ಅದು ಆಡುತ್ತಿದ್ದದ್ದು ಹಿಂದಿ ಮತ್ತು ಇಂಗ್ಲಿಷ್ ಮಾತ್ರ.